ಸಾಗರತಳದ ಬಸಾಲ್ಟ್ ಗಾಜಿನಲ್ಲಿ ಮ್ಯಾಂಟಲ್ ಪ್ಲೂಮ್‌ನ ಗುರುತು ಹುಡುಕುವುದು ಹೇಗೆ: ಜಡಾನಿಲ ಐಸೊಟೋಪ್‌ಗಳ ಸಮಗ್ರ ಮಾರ್ಗದರ್ಶಿ

ಸಾಗರಮಧ್ಯದ ಪರ್ವತಶ್ರೇಣಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದೊಡನೆ ಹೆಪ್ಪುಗಟ್ಟುತ್ತದೆ. ಹರಳುಗಳು ಬೆಳೆಯಲು ಪುರುಸೊತ್ತಿಲ್ಲದೆ ಹೊರಮೈ ಕಪ್ಪು ಗಾಜಾಗುತ್ತದೆ. ಒಂದೆರಡು ಸೆಂಟಿಮೀಟರ್ ದಪ್ಪದ ಈ ಗಾಜಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಗುಳ್ಳೆಗಳಲ್ಲಿ ತುಂಬಿರುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದರ ಜೊತೆಗೆ ತೊಗಟೆಯ ಕೆಳಗಿನ ಮ್ಯಾಂಟಲ್ ಪದರದಿಂದಲೇ ಬಂದ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಜಡಾನಿಲಗಳು ಲೇಶಮಾತ್ರ ಸಿಗುತ್ತವೆ. ಈ ಲೇಶವನ್ನು ಗಾಳಿ ಸೋಕದಂತೆ ಹೊರತೆಗೆದು ಅಳೆದರೆ, ಶ್ರೇಣಿಯ ಕೆಳಗಿನ ಮ್ಯಾಂಟಲ್‌ಗೆ ಆಳದಿಂದ ಏರಿಬಂದ ಬಿಸಿ ಶಿಲೆಯ ಕಂಬ, ಅಂದರೆ ಪ್ಲೂಮ್, ಬೆರೆತಿದೆಯೇ ಎಂದು ಹೇಳಬಹುದು.

ಮೊದಲೇ ಒಂದು ಮಾತು. ಹೀಲಿಯಂನ ಐಸೊಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಅಳೆಯುವುದು ಸುಲಭ, ಆದ್ದರಿಂದ ಬಹಳಷ್ಟು ಅಧ್ಯಯನಗಳು ಅಲ್ಲಿಗೇ ನಿಲ್ಲುತ್ತವೆ. ಹೀಲಿಯಂ ಒಂದನ್ನೇ ನಂಬಿ ಪ್ಲೂಮ್ ಇದೆ ಅಥವಾ ಇಲ್ಲ ಎಂದು ತೀರ್ಪು ಕೊಡುವುದು ಸರಿಯಲ್ಲ. ನಿಯಾನ್ ಜೊತೆಗಿದ್ದರೆ ಮಾತ್ರ ಸಾಕ್ಷ್ಯ ಗಟ್ಟಿಯಾಗುತ್ತದೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ನಿಯಾನ್‌ಗೆ ಮೀಸಲಾಗಿರುವುದು ಅದಕ್ಕಾಗಿ.

ಕೈಯಲ್ಲಿರಬೇಕಾದ ಅಂಕಿಗಳು

ಗಾಳಿಯ ಅನುಪಾತಗಳು ಎಲ್ಲ ಲೆಕ್ಕಕ್ಕೂ ಆಧಾರ:

- ಹೀಲಿಯಂ-3/ಹೀಲಿಯಂ-4: 1.384×10⁻⁶. ಇದನ್ನೇ 1 ಆರ್‌ಎ ಎಂದು ಕರೆಯುತ್ತಾರೆ.
- ನಿಯಾನ್-20/22: 9.80, ನಿಯಾನ್-21/22: 0.0290
- ಆರ್ಗಾನ್-40/36: 298.56 (ಹಳೆಯ ದತ್ತಾಂಶಗಳಲ್ಲಿ 295.5 ಬಳಸಿರುತ್ತಾರೆ, ಹೋಲಿಸುವ ಮುನ್ನ ನೋಡಿಕೊಳ್ಳಿ)
- ಕ್ಸೆನಾನ್-129/130: 6.496

ಪ್ಲೂಮ್ ಸೋಂಕಿಲ್ಲದ ಶ್ರೇಣಿಯ ಬಸಾಲ್ಟ್‌ನಲ್ಲಿ ಹೀಲಿಯಂ ಸುಮಾರು 8±1 ಆರ್‌ಎ. ಗಾಳಿಯ ಬೆರಕೆಯನ್ನು ಕಳೆದ ಮೇಲೆ ಅದರ ನಿಯಾನ್-21/22 ಸುಮಾರು 0.06. ಆರ್ಗಾನ್-40/36 ಹತ್ತಾರು ಸಾವಿರ. ಮಧ್ಯ ಅಟ್ಲಾಂಟಿಕ್ ಶ್ರೇಣಿಯ 14° ಉತ್ತರ ಅಕ್ಷಾಂಶದ ಬಳಿ ಸಿಕ್ಕ, ಗುಳ್ಳೆಗಳ ಒತ್ತಡಕ್ಕೆ ಹಡಗಿನ ಮೇಲೆ ಪಟಪಟನೆ ಸಿಡಿಯುತ್ತಿದ್ದ ಪ್ರಸಿದ್ಧ ಶಿಲೆಯಲ್ಲಿ ಇದು 40,000ದ ಆಸುಪಾಸಿಗೆ ತಲುಪುತ್ತದೆ. ಪ್ಲೂಮ್ ಬದಿಯಲ್ಲಿ ಹವಾಯಿಯ ಲೋಯಿಹಿ ಸಾಗರಪರ್ವತದಲ್ಲಿ ಹೀಲಿಯಂ 30 ಆರ್‌ಎ ಆಸುಪಾಸು, ಐಸ್‌ಲ್ಯಾಂಡ್‌ನಲ್ಲಿ 37ರ ಸುಮಾರು, ಬ್ಯಾಫಿನ್ ದ್ವೀಪದ ಹಳೆಯ ಲಾವಾಗಳಲ್ಲಿ 60ಕ್ಕೂ ಹೆಚ್ಚು ಕಂಡಿದೆ. ಪ್ಲೂಮ್‌ನ ನಿಯಾನ್-21/22 ಸುಮಾರು 0.035ರಿಂದ 0.04, ಆರ್ಗಾನ್-40/36 ಸುಮಾರು 10,000 ಅಥವಾ ಅದಕ್ಕಿಂತ ಕಡಿಮೆ.

ಈ ವ್ಯತ್ಯಾಸಕ್ಕೆ ಕಾರಣ ಸರಳ. ಹೀಲಿಯಂ-3 ಭೂಮಿ ರೂಪುಗೊಂಡಾಗಲೇ ಒಳಗೆ ಸೇರಿದ್ದು. ಮ್ಯಾಂಟಲ್‌ನಲ್ಲಿ ಹೊಸದಾಗಿ ಹುಟ್ಟುವುದು ನಗಣ್ಯ. ಹೀಲಿಯಂ-4 ಮಾತ್ರ ನಿರಂತರ ಹುಟ್ಟುತ್ತದೆ: ಒಂದು ಯುರೇನಿಯಂ-238 ಸೀಸವಾಗುವಷ್ಟರಲ್ಲಿ 8 ಆಲ್ಫಾ ಕಣ (ಹೀಲಿಯಂ-4ರ ನ್ಯೂಕ್ಲಿಯಸ್), ಯುರೇನಿಯಂ-235ರಿಂದ 7, ಥೋರಿಯಂ-232ರಿಂದ 6. ಇದೇ ಆಲ್ಫಾ ಕಣಗಳು ಆಕ್ಸಿಜನ್-18ಕ್ಕೆ ಬಡಿದಾಗ ನಿಯಾನ್-21 ಹುಟ್ಟುತ್ತದೆ. ಹಾಗಾಗಿ ಅನಿಲವನ್ನು ಹೆಚ್ಚು ಕಳೆದುಕೊಂಡ ಮ್ಯಾಂಟಲ್‌ನಲ್ಲಿ ಹೀಲಿಯಂ-3/4 ಇಳಿಯುತ್ತದೆ, ನಿಯಾನ್-21/22 ಏರುತ್ತದೆ. ಪ್ಲೂಮ್‌ನ ಮೂಲ ಕಡಿಮೆ ಅನಿಲ ಕಳೆದುಕೊಂಡಿದೆ. ಇಲ್ಲಿ ಬಹಳ ಜನ ತಪ್ಪು ತಿಳಿಯುವುದಿದೆ: ಹೆಚ್ಚಿನ ಆರ್‌ಎ ಎಂದರೆ ಶಿಲೆಯಲ್ಲಿ ಹೀಲಿಯಂ-3 ತುಂಬಿದೆ ಎಂದಲ್ಲ. ಯುರೇನಿಯಂ-ಥೋರಿಯಂಗೆ ಹೋಲಿಸಿದರೆ ಹೀಲಿಯಂ-3 ಹೆಚ್ಚು ಉಳಿದಿದೆ ಎಂದಷ್ಟೇ ಅದರ ಅರ್ಥ.

ಹಂತ 1: ಮಾದರಿ ಎಲ್ಲಿಂದ, ಯಾವುದು

2,000 ಮೀಟರ್‌ಗಿಂತ ಆಳದಿಂದ ತಂದ ಗಾಜನ್ನೇ ಆರಿಸಿ. ಮೇಲೇರಿದಷ್ಟೂ ನೀರಿನ ಒತ್ತಡ ಕಡಿಮೆಯಾಗಿ ಅನಿಲ ಸೋರಿಹೋಗಿರುತ್ತದೆ. ಇದು ಪ್ಲೂಮ್ ಅಧ್ಯಯನದ ದೊಡ್ಡ ತೊಡಕು, ಏಕೆಂದರೆ ಪ್ಲೂಮ್ ಇರುವಲ್ಲೇ ಶ್ರೇಣಿ ಉಬ್ಬಿ ಆಳ ಕಡಿಮೆಯಾಗಿರುತ್ತದೆ. ಐಸ್‌ಲ್ಯಾಂಡ್‌ನ ದಕ್ಷಿಣಕ್ಕೆ ರೇಕ್ಯಾನೆಸ್ ಶ್ರೇಣಿ ನಿಧಾನವಾಗಿ ಮೇಲೇರುತ್ತ ಕೊನೆಗೆ ನೀರಿನ ಮೇಲಕ್ಕೇ ಬರುತ್ತದೆ. ಅಂಥ ಕಡೆ ಆಳದ ಬದಿಯಿಂದ ಮಾದರಿಗಳನ್ನು ಒತ್ತಾಗಿ ಆರಿಸಿ, ಆಳ ಕಡಿಮೆಯಿರುವ ಬದಿಯಲ್ಲಿ ಒಂದೊಂದು ಜಾಗದಿಂದಲೂ ಮೂರ್ನಾಲ್ಕು ತುಂಡು ಇಟ್ಟುಕೊಳ್ಳಿ.

ಪ್ಲೂಮ್‌ನ ಪ್ರಭಾವ ಎಲ್ಲಿಯವರೆಗಿದೆ ಎಂದು ತಿಳಿಯಬೇಕಿದ್ದರೆ ಶ್ರೇಣಿಯ ಉದ್ದಕ್ಕೂ 10ರಿಂದ 20 ಕಿ.ಮೀ.ಗೊಂದು ಮಾದರಿ ಬೇಕು. ಜೊತೆಗೆ ಪ್ಲೂಮ್‌ನಿಂದ ನೂರಾರು ಕಿ.ಮೀ. ದೂರದ ಕೆಲವು ಮಾದರಿಗಳೂ ಇರಲಿ. ಆ ಭಾಗದ ಸಹಜ ಮಟ್ಟ ಎಷ್ಟು ಎಂದು ತೋರಿಸುವುದು ಅವೇ. ನೈಋತ್ಯ ಹಿಂದೂ ಮಹಾಸಾಗರ ಶ್ರೇಣಿಯ ಕೆಲವು ಭಾಗಗಳಲ್ಲಿ ಸಹಜ ಮಟ್ಟವೇ 8ಕ್ಕಿಂತ ಕೆಳಗಿದೆ.

ತುಂಡನ್ನು ಕೈಯಲ್ಲಿ ಹಿಡಿದು ನೋಡುವಾಗ ಹೊಳಪು ಮುಖ್ಯ. ಕಂದು-ಹಳದಿ ಪ್ಯಾಲಗೊನೈಟ್ (ನೀರು ತಾಗಿ ಕೆಟ್ಟ ಗಾಜು) ಪದರ, ಕಪ್ಪು ಮ್ಯಾಂಗನೀಸ್ ಲೇಪ, ಬಿಳಿ ಕಾರ್ಬೊನೇಟ್ ತುಂಬಿದ ಬಿರುಕು ಇದ್ದರೆ ಅಷ್ಟು ಭಾಗ ಬಿಡಿ. ಸಮುದ್ರನೀರಿನ ಆರ್ಗಾನ್, ಕ್ಸೆನಾನ್ ಅಲ್ಲಿ ಕುಳಿತಿರುತ್ತವೆ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಗ್ರಾಂ ಗಾಜಿನಲ್ಲಿ 10 ಲಕ್ಷ ವರ್ಷಕ್ಕೆ ಹುಟ್ಟುವ ಹೀಲಿಯಂ-4, ಎಸ್‌ಟಿಪಿ (ಪ್ರಮಾಣಿತ ಉಷ್ಣತೆ-ಒತ್ತಡದ) ಘನ ಸೆಂ.ಮೀ. ಲೆಕ್ಕದಲ್ಲಿ, ಸುಮಾರು 1.2×10⁻⁷ × (ಯುರೇನಿಯಂ + 0.235 × ಥೋರಿಯಂ). ಇವೆರಡನ್ನೂ ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಹಾಕಬೇಕು. ಯುರೇನಿಯಂ 0.1, ಥೋರಿಯಂ 0.3 ಪಿಪಿಎಂ ಇದ್ದರೆ ಸುಮಾರು 2×10⁻⁸ ಬರುತ್ತದೆ. ಗಾಜಿನಲ್ಲಿ 10⁻⁵ ಹೀಲಿಯಂ ಇದ್ದರೆ ಇದು 0.2 ಶೇಕಡಾ, ಕಡೆಗಣಿಸಬಹುದು. ಅನಿಲ ಸೋರಿ 10⁻⁷ ಮಾತ್ರ ಉಳಿದಿದ್ದರೆ ಇದೇ ಮೊತ್ತ 20 ಶೇಕಡಾ ಆಗುತ್ತದೆ, ಪ್ಲೂಮ್‌ನ ಗುರುತೇ ಅಳಿಸಿಹೋಗಬಹುದು.

ಹಂತ 2: ಶುಚಿಮಾಡುವುದು

ಗಾಜನ್ನು ಬಸಾಲ್ಟ್‌ನಿಂದ ಉಳಿಯಲ್ಲಿ ಮೆಲ್ಲಗೆ ಬಿಡಿಸಿ, 3ರಿಂದ 10 ಮಿ.ಮೀ. ತುಂಡುಗಳಾಗಿ ಇಟ್ಟುಕೊಳ್ಳಿ. ಇನ್ನೂ ಸಣ್ಣದು ಮಾಡಿದರೆ ಗುಳ್ಳೆಗಳು ಇಲ್ಲೇ ಒಡೆದುಹೋಗುತ್ತವೆ. ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸಿ. ಅಸಿಟೋನ್, ಎಥನಾಲ್, ಬಟ್ಟಿಯಿಳಿಸಿದ ನೀರು ಹೀಗೆ ಸರದಿಯಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯಿರಿ. ಲೇಪ ಹಠ ಹಿಡಿದಿದ್ದರೆ ತೆಳು ನೈಟ್ರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಇಡಬಹುದು, ಆಮೇಲೆ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಒಣಗಿಸಲು 60 °ಸೆ. ಸಾಕು.

ಎಷ್ಟು ಬೇಕು? ಹೀಲಿಯಂಗೆ ಅರ್ಧ ಗ್ರಾಂ ಧಾರಾಳ. ನಿಯಾನ್‌ಗೆ 1ರಿಂದ 3 ಗ್ರಾಂ. ಕ್ಸೆನಾನ್ ಬೇಕಿದ್ದರೆ 5 ಗ್ರಾಂ ಮತ್ತು ಮೇಲೆ.

ಹಂತ 3: ನಿರ್ವಾತದಲ್ಲಿ ಹಂತಹಂತವಾಗಿ ಒಡೆಯುವುದು

ಗಾಜನ್ನು ಕರಗಿಸಿ ಅನಿಲ ತೆಗೆಯಬಹುದು. ಆದರೆ ಕರಗಿಸಿದರೆ ಗಾಜಿನ ಒಡಲಲ್ಲಿ ಆಮೇಲೆ ಹುಟ್ಟಿದ ಹೀಲಿಯಂ-4, ಮೇಲ್ಮೈಗೆ ಅಂಟಿದ ಗಾಳಿ ಎಲ್ಲವೂ ಒಟ್ಟಿಗೆ ಬರುತ್ತವೆ. ಪ್ಲೂಮ್ ಹುಡುಕಾಟಕ್ಕೆ ಒಡೆಯುವ ವಿಧಾನವೇ ಸರಿ; ಅದು ಗುಳ್ಳೆಯ ಅನಿಲವನ್ನಷ್ಟೇ ಬಿಡಿಸುತ್ತದೆ.

ತುಂಡುಗಳನ್ನು ಸ್ಟೀಲ್ ಕ್ರಷರ್‌ಗೆ ಹಾಕಿ ನಿರ್ವಾತಕ್ಕೆ ಜೋಡಿಸಿ. 100ರಿಂದ 120 °ಸೆ.ನಲ್ಲಿ ಒಂದು ರಾತ್ರಿ ಬಿಸಿಯಲ್ಲಿಡಿ. 200 °ಸೆ. ದಾಟಿಸಬೇಡಿ: ಹೀಲಿಯಂ ಗಾಜಿನಿಂದ ಸೋರಲು ತೊಡಗುತ್ತದೆ, ಅದೂ ಹಗುರವಾದ ಹೀಲಿಯಂ-3 ಮೊದಲು. ಮಾದರಿಯಿಲ್ಲದ ಉಳಿದ ಕೊಳವೆಗಳನ್ನು 250ರಿಂದ 300 °ಸೆ.ವರೆಗೂ ಬೇಯಿಸಬಹುದು. ಒತ್ತಡ 10⁻⁹ ಮಿಲಿಬಾರ್ ಸಮೀಪಿಸುವವರೆಗೆ ಕಾಯಿರಿ.

ಆಮೇಲೆ ಬ್ಲ್ಯಾಂಕ್, ಅಂದರೆ ಉಪಕರಣದಿಂದಲೇ ಬರುವ ಅನಿಲದ ಅಳತೆ. ಮಾದರಿಯನ್ನು ಒಡೆಯದೆ, ಒಡೆಯುವಾಗ ಎಷ್ಟು ಹೊತ್ತು ವಾಲ್ವ್ ಮುಚ್ಚಿರುತ್ತದೋ ಅಷ್ಟೇ ಹೊತ್ತು ಮುಚ್ಚಿಟ್ಟು ಅಳೆಯಿರಿ. ಹೀಲಿಯಂ-4 10⁻¹⁰ ಎಸ್‌ಟಿಪಿ ಘನ ಸೆಂ.ಮೀ.ಗಿಂತ ಕೆಳಗಿದ್ದರೆ ಮುಂದುವರಿಯಿರಿ. ಸುತ್ತಿಗೆಯ ಲೋಹವೇ ಉಜ್ಜಿದಾಗ ಅನಿಲ ಬಿಡುತ್ತದೆ, ಆದ್ದರಿಂದ ಖಾಲಿ ಕ್ರಷರ್‌ನಲ್ಲಿ ಸುತ್ತಿಗೆ ಆಡಿಸಿ ಇನ್ನೊಂದು ಬ್ಲ್ಯಾಂಕ್ ತೆಗೆಯುವುದು ಅಗತ್ಯ. ಇದನ್ನು ಬಿಟ್ಟ ದತ್ತಾಂಶದಲ್ಲಿ ಕೊನೆಯ ಹಂತಗಳ ನಿಯಾನ್ ವಿನಾಕಾರಣ ಗಾಳಿಯತ್ತ ವಾಲಿರುತ್ತದೆ.

ಮೊದಲ ಹಂತದಲ್ಲಿ ಒಂದೆರಡೇ ಪೆಟ್ಟು. ನಂತರ 5, 10, 20, 50 ಹೀಗೆ ಏರಿಸುತ್ತ ಹೋಗಿ. 6ರಿಂದ 10 ಹಂತ ಸಿಕ್ಕರೆ ಒಳ್ಳೆಯದು. ಸಾಮಾನ್ಯವಾಗಿ ಮೊದಲ ಹಂತಗಳಲ್ಲಿ ಬಿರುಕಿನ ಗಾಳಿ ಹೆಚ್ಚು, ನಡುವಿನ ಹಂತಗಳಲ್ಲಿ ಮ್ಯಾಂಟಲ್ ಅನಿಲ ಶುದ್ಧ. ಎಲ್ಲ ಮಾದರಿಯೂ ಹಾಗೆ ನಡೆದುಕೊಳ್ಳುವುದಿಲ್ಲ, ಆದ್ದರಿಂದಲೇ ಹಂತಗಳು ಬೇಕು. ನೂರಾರು ಪೆಟ್ಟು ಕೊಟ್ಟು ಹಿಟ್ಟು ಮಾಡಬೇಡಿ. ಗಾಜಿನ ಒಡಲಿನ ಹೀಲಿಯಂ-4 ಕೂಡ ಹೊರಬರಲು ಶುರುವಾಗಿ ಅನುಪಾತ ಇಳಿಯುತ್ತದೆ.

ಹಂತ 4: ಅನಿಲವನ್ನು ಶುದ್ಧಗೊಳಿಸಿ ಬೇರ್ಪಡಿಸುವುದು

ಬಂದ ಅನಿಲವನ್ನು ಮೊದಲು ಬಿಸಿ ಟೈಟಾನಿಯಂ ಅಥವಾ ಜಿರ್ಕೋನಿಯಂ-ಅಲ್ಯೂಮಿನಿಯಂ ಗೆಟರ್‌ಗೆ (ಜಡವಲ್ಲದ ಅನಿಲಗಳನ್ನು ಹೀರುವ ಲೋಹಕ್ಕೆ) ಒಡ್ಡಿ. ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ನೀರಾವಿ ಅಲ್ಲಿ ಸಿಕ್ಕಿಬೀಳುತ್ತವೆ. ಗೆಟರ್ ಬಿಸಿಯಿದ್ದಾಗ ಹೈಡ್ರೋಜನ್ ಬಿಡುತ್ತದೆ, ತಣಿದಾಗ ಹೀರುತ್ತದೆ. ಅದಕ್ಕಾಗಿ ಕೊನೆಗೆ ತಣ್ಣಗಿನ ಇನ್ನೊಂದು ಗೆಟರ್ ಕಡ್ಡಾಯ.

ಆಮೇಲೆ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ ಇದ್ದಿಲಿನ ಟ್ರ್ಯಾಪ್. 77 ಕೆಲ್ವಿನ್‌ನಲ್ಲಿ ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಅಲ್ಲಿ ನಿಲ್ಲುತ್ತವೆ. ಉಳಿದ ಹೀಲಿಯಂ-ನಿಯಾನ್ ಕ್ರಯೋಜೆನಿಕ್ ಟ್ರ್ಯಾಪ್‌ಗೆ ಹೋಗುತ್ತವೆ. ಅದನ್ನು ಸುಮಾರು 10 ಕೆಲ್ವಿನ್‌ಗೆ ತಣಿಸಿ ಎರಡನ್ನೂ ಹಿಡಿದು, ಹೀಲಿಯಂ ಅನ್ನು 35 ಕೆಲ್ವಿನ್ ಸುಮಾರಿನಲ್ಲಿ, ನಿಯಾನ್ ಅನ್ನು 75–80 ಕೆಲ್ವಿನ್‌ನಲ್ಲಿ ಬಿಡಿಸುತ್ತಾರೆ. ಈ ಉಷ್ಣತೆಗಳು ಟ್ರ್ಯಾಪ್‌ನಿಂದ ಟ್ರ್ಯಾಪ್‌ಗೆ ಬದಲಾಗುತ್ತವೆ, ನಿಮ್ಮದನ್ನು ಸ್ಟ್ಯಾಂಡರ್ಡ್ ಅನಿಲದಿಂದ (ಪ್ರಮಾಣ, ಅನುಪಾತ ಮೊದಲೇ ಗೊತ್ತಿರುವ ಅನಿಲದಿಂದ) ಗೊತ್ತುಮಾಡಿಕೊಳ್ಳಿ. ಬೇರ್ಪಡಿಸದೆ ಒಟ್ಟಿಗೆ ಬಿಟ್ಟರೆ, ಪ್ರಮಾಣದಲ್ಲಿ ಬಹಳ ಹೆಚ್ಚಿರುವ ಹೀಲಿಯಂ ನಿಯಾನ್‌ನ ಸಂಕೇತವನ್ನು ಕುಗ್ಗಿಸುತ್ತದೆ.

ಹಂತ 5: ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ

ಈ ಯಂತ್ರ ಅಯಾನುಗಳನ್ನು ದ್ರವ್ಯರಾಶಿಗೆ ತಕ್ಕಂತೆ ಬೇರ್ಪಡಿಸಿ ಅಳೆಯುತ್ತದೆ. ಸಂಕೇತ ದೊಡ್ಡದಾದ ಹೀಲಿಯಂ-4ಕ್ಕೆ ಫ್ಯಾರಡೆ ಕಪ್, ಚಿಕ್ಕದಾದ ಹೀಲಿಯಂ-3ಕ್ಕೆ ಎಲೆಕ್ಟ್ರಾನ್ ಮಲ್ಟಿಪ್ಲೈಯರ್ ಎಂಬ ಶೋಧಕ. ಎರಡರ ನಡುವೆ 8 ಆರ್‌ಎ ಇದ್ದರೂ ಸುಮಾರು 90,000 ಪಟ್ಟು ಅಂತರ. ದ್ರವ್ಯರಾಶಿ 3ರಲ್ಲಿ ಹೈಡ್ರೋಜನ್-ಡ್ಯೂಟೀರಿಯಂ ಅಣು ಮತ್ತು ಮೂರು ಹೈಡ್ರೋಜನ್‌ಗಳ ಅಯಾನು ಅಡ್ಡ ಬರುತ್ತವೆ. ಇವನ್ನು ಬೇರ್ಪಡಿಸಲು 500ಕ್ಕಿಂತ ತುಸು ಹೆಚ್ಚಿನ ರೆಸಲ್ಯೂಶನ್ (ಹತ್ತಿರದ ದ್ರವ್ಯರಾಶಿಗಳನ್ನು ಬಿಡಿಸುವ ಶಕ್ತಿ) ಸಾಕು.

ಕಷ್ಟ ನಿಯಾನ್‌ನದು. ದ್ವಿವಿದ್ಯುದಾವೇಶದ (ಹಾಗಾಗಿ ಯಂತ್ರಕ್ಕೆ ಅರ್ಧ ದ್ರವ್ಯರಾಶಿಯದಾಗಿ ಕಾಣುವ) ಆರ್ಗಾನ್-40 ನಿಯಾನ್-20ರ ಮೇಲೆ ಬಂದು ಕೂರುತ್ತದೆ. ಬೇರ್ಪಡಿಸಲು ಸುಮಾರು 1,800 ರೆಸಲ್ಯೂಶನ್ ಬೇಕು. ದ್ವಿವಿದ್ಯುದಾವೇಶದ ಕಾರ್ಬನ್ ಡೈಆಕ್ಸೈಡ್ ನಿಯಾನ್-22ರ ಮೇಲೆ ಕೂರುತ್ತದೆ. ಅದಕ್ಕೆ 6,000ಕ್ಕೂ ಹೆಚ್ಚು ಬೇಕಾಗಿ, ಬಹುತೇಕ ಯಂತ್ರಗಳ ಕೈಗೆ ನಿಲುಕುವುದಿಲ್ಲ. ಹಾಗಾಗಿ ಪ್ರತಿ ಸರದಿಯಲ್ಲೂ ದ್ರವ್ಯರಾಶಿ 40 ಮತ್ತು 44 ಅಳೆದು, ಮೊದಲೇ ಗೊತ್ತುಮಾಡಿಕೊಂಡ ಅನುಪಾತದಿಂದ ಕಳೆಯಿರಿ. ಈ ಅನುಪಾತ ಯಂತ್ರದ ಅಯಾನು-ಮೂಲದಲ್ಲಿರುವ ಹೈಡ್ರೋಜನ್‌ನ ಒತ್ತಡಕ್ಕೆ ತಕ್ಕಂತೆ ಅಲುಗಾಡುತ್ತದೆ, ವರ್ಷಕ್ಕೊಮ್ಮೆ ಅಳೆದರೆ ಸಾಲದು. ಅಳೆಯುವಾಗ ಸ್ಪೆಕ್ಟ್ರೋಮೀಟರ್‌ನ ಪಕ್ಕದಲ್ಲಿ ದ್ರವ ನೈಟ್ರೋಜನ್ ಟ್ರ್ಯಾಪ್ ಇಟ್ಟರೆ 40 ಮತ್ತು 44 ಎರಡೂ ತಗ್ಗುತ್ತವೆ. ಇಡೀ ವಿಶ್ಲೇಷಣೆಯಲ್ಲಿ ಅತಿ ಅಗ್ಗದ ಸುಧಾರಣೆ ಇದು.

ಸ್ಟ್ಯಾಂಡರ್ಡ್ ಅನಿಲವನ್ನು ಮಾದರಿಯಷ್ಟೇ ಪ್ರಮಾಣದಲ್ಲಿ ಅಳೆಯಿರಿ. ಯಂತ್ರದ ಸಂವೇದನೆ ಒತ್ತಡದೊಂದಿಗೆ ಬದಲಾಗುವುದರಿಂದ, ದೊಡ್ಡ ಸ್ಟ್ಯಾಂಡರ್ಡ್‌ಗೆ ಹೋಲಿಸಿದ ಚಿಕ್ಕ ಮಾದರಿ ಸುಳ್ಳು ಹೇಳುತ್ತದೆ. ಗಾಳಿಯ ಹೀಲಿಯಂನಲ್ಲಿ ಹೀಲಿಯಂ-3 ತೀರಾ ಕಡಿಮೆ, ಆದ್ದರಿಂದ 16 ಅಥವಾ 20 ಆರ್‌ಎ ಸುಮಾರಿನ ಪರಸ್ಪರ ಒಪ್ಪಿತ ಹೀಲಿಯಂ ಸ್ಟ್ಯಾಂಡರ್ಡ್ ಒಂದು ಇರಲಿ.

ಹಂತ 6: ಗಾಳಿಯ ಬೆರಕೆಯನ್ನು ಕಳೆಯುವುದು

ಗಾಳಿ ಎಷ್ಟು ಕೆಡಿಸುತ್ತದೆ? ಒಂದು ಗ್ರಾಂ ಗಾಜಿನ 10⁻⁵ ಘನ ಸೆಂ.ಮೀ. ಹೀಲಿಯಂಗೆ ಸಮನಾದ ಹೀಲಿಯಂ ಬೇಕಿದ್ದರೆ ಸುಮಾರು 2 ಘನ ಸೆಂ.ಮೀ. ಗಾಳಿ ಬೇಕು, ಅಷ್ಟು ಗಾಳಿ ನುಗ್ಗಿದರೆ ಯಾರ ಕಣ್ಣಿಗೂ ಬೀಳದೆ ಇರದು. ಅದೇ ಗಾಜಿನಲ್ಲಿ ಆರ್ಗಾನ್-36 ಇರುವುದು ಸುಮಾರು 10⁻¹⁰ ಘನ ಸೆಂ.ಮೀ. ಅದಕ್ಕೆ ಸಮನಾದ ಗಾಳಿ ಬರೀ 3 ನ್ಯಾನೊಲೀಟರ್. ಕಣ್ಣಿಗೆ ಕಾಣದ ಒಂದು ಬಿರುಕು ಸಾಕು. ಹೀಲಿಯಂ ಗಾಳಿಗೆ ಜಗ್ಗದು, ಆರ್ಗಾನ್-ಕ್ಸೆನಾನ್ ಒಂದಿಷ್ಟಕ್ಕೇ ಕೆಡುತ್ತವೆ, ನಿಯಾನ್ ಇವೆರಡರ ನಡುವೆ.

ನಿಯಾನ್‌ನಲ್ಲಿ ಬೆರಕೆಯನ್ನು ಕಳೆಯಲು ಒಂದು ಸಹಜ ಅನುಕೂಲವಿದೆ. ಮ್ಯಾಂಟಲ್‌ನ ನಿಯಾನ್-20/22 ಕನಿಷ್ಠ 12.5 ಇದ್ದು, ಗಾಳಿಯ 9.80ಕ್ಕಿಂತ ಸ್ಪಷ್ಟವಾಗಿ ಬೇರೆ. ಅದು ಸೂರ್ಯನ ನಿಯಾನ್‌ನ ಗುರುತು. ಹಂತಹಂತವಾಗಿ ಒಡೆದ ಫಲಿತಾಂಶಗಳು ಗಾಳಿಯ ಬಿಂದುವಿನಿಂದ ಹೊರಟ ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಆ ರೇಖೆಯನ್ನು 12.5ರವರೆಗೆ ಚಾಚಿದರೆ ಮೂಲದ ನಿಯಾನ್-21/22 ಸಿಗುತ್ತದೆ:

ಮೂಲದ ನಿಯಾನ್-21/22 = 0.0290 + (ಅಳೆದ ನಿಯಾನ್-21/22 − 0.0290) × 2.70 ÷ (ಅಳೆದ ನಿಯಾನ್-20/22 − 9.80)

ಒಂದು ಗಾಜಿನಲ್ಲಿ ನಿಯಾನ್-20/22 11.2, ನಿಯಾನ್-21/22 0.0445 ಬಂದಿದೆ ಎನ್ನಿ. 0.0155 × 2.70 ÷ 1.40 = 0.0299, ಮೂಲ 0.059. ಇದು ಸಾಮಾನ್ಯ ಶ್ರೇಣಿಯ ಮ್ಯಾಂಟಲ್. ಇನ್ನೊಂದರಲ್ಲಿ 11.6 ಮತ್ತು 0.0340 ಬಂದರೆ, 0.0050 × 2.70 ÷ 1.80 = 0.0075, ಮೂಲ 0.0365. ಇದು ಪ್ಲೂಮ್. ಅಳೆದ ಅಂಕಿಗಳನ್ನಷ್ಟೇ ನೋಡಿದರೆ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಗಾಳಿಗೆ ಹತ್ತಿರದ ಬಿಂದುವನ್ನು ಮಾತ್ರ ಚಾಚಬೇಡಿ. ನಿಯಾನ್-20/22 10.1 ಇದ್ದು ಅದರಲ್ಲಿ ±0.1 ದೋಷವಿದ್ದರೆ, ಗುಣಕ (2.70 ÷ 0.30, ಅಂದರೆ 9) 9ರ ಬದಲು 6.75 ಆಗಿರಬಹುದು, 13.5 ಕೂಡ ಆಗಿರಬಹುದು. ಅಂಥ ಒಂದೇ ಬಿಂದುವಿನಿಂದ ಪ್ಲೂಮ್ ಕಂಡೆವು ಎನ್ನುವುದು ನ್ಯಾಯವಲ್ಲ. ಕನಿಷ್ಠ ಒಂದೆರಡು ಹಂತಗಳಾದರೂ 11 ದಾಟಿರಬೇಕು. ರೇಖೆಯನ್ನು 12.5ಕ್ಕೆ ಚಾಚಿದ್ದೀರೋ 13.36ಕ್ಕೋ ಎಂಬುದನ್ನೂ ಬರೆದಿಡಿ; ಎರಡೂ ಬಳಕೆಯಲ್ಲಿವೆ, ಬೆರೆಸಿ ಹೋಲಿಸಿದರೆ ಗೊಂದಲ.

ಆರ್ಗಾನ್, ಕ್ಸೆನಾನ್‌ಗಳಿಗೆ ನೇರ ರೇಖೆ ಕೆಲಸಮಾಡುವುದಿಲ್ಲ. ಅದೇ ಹಂತಗಳ ನಿಯಾನ್-20/22 ಎದುರು ಆರ್ಗಾನ್-40/36 ಇಟ್ಟು, ಗಾಳಿಯ ಬಿಂದುವಿನ ಮೂಲಕ ಹೈಪರ್ಬೋಲಾ ಎಂಬ ಬಾಗಿದ ರೇಖೆ ಹೊಂದಿಸಿ, 12.5ರಲ್ಲಿ ಓದಬೇಕು. ಮುಂದೆ ಆರ್ಗಾನ್ ಎದುರು ಕ್ಸೆನಾನ್-129/130 ಇಟ್ಟು ಮತ್ತೆ ಹಾಗೆಯೇ. ಈ ಶ್ರಮಕ್ಕೆ ತಕ್ಕ ಫಲವಿದೆ. ಕ್ಸೆನಾನ್-129 ಹುಟ್ಟುವುದು ಅಯೋಡಿನ್-129ರಿಂದ, ಅದರ ಅರ್ಧಾಯುಷ್ಯ 1.57 ಕೋಟಿ ವರ್ಷ. ಭೂಮಿಯ ಮೊದಲ 10 ಕೋಟಿ ವರ್ಷಗಳಲ್ಲೇ ಅದು ಬಹುತೇಕ ಮುಗಿದುಹೋಯಿತು. ಶ್ರೇಣಿಯ ಮ್ಯಾಂಟಲ್‌ನಲ್ಲಿ ಈ ಅನುಪಾತ 7.7ರ ಸುಮಾರು, ಐಸ್‌ಲ್ಯಾಂಡ್ ಪ್ಲೂಮ್‌ನಲ್ಲಿ 7ರ ಹತ್ತಿರ. ಐಸ್‌ಲ್ಯಾಂಡ್ ಗಾಜಿನ ಮೇಲೆ 2012ರಲ್ಲಿ ಪ್ರಕಟವಾದ ಅಳತೆಗಳು, ಈ ಅಂತರವನ್ನು ಗಾಳಿಯ ಕ್ಸೆನಾನ್ ಬೆರೆತದ್ದರಿಂದಷ್ಟೇ ವಿವರಿಸಲಾಗದು, ಎರಡು ಮೂಲಗಳೂ 440 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾಗಿದ್ದವು ಎಂದು ತೋರಿಸಿದವು. ಪ್ಲೂಮ್‌ನ ಮೂಲ ಅಷ್ಟು ಪುರಾತನ ಎಂದು ಹೇಳಬಲ್ಲ ಸಾಕ್ಷಿಗಳು ಬೆರಳೆಣಿಕೆಯಷ್ಟು.

ಹಂತ 7: ಅನಿಲ ಎಷ್ಟು ಸೋರಿದೆ?

ಆರ್ಗಾನ್-40ರಿಂದ ಗಾಳಿಯ ಪಾಲನ್ನು ಕಳೆಯಿರಿ: ಆರ್ಗಾನ್-40 − 298.56 × ಆರ್ಗಾನ್-36. ಉಳಿದದ್ದರಿಂದ ಹೀಲಿಯಂ-4 ಅನ್ನು ಭಾಗಿಸಿ. ಮ್ಯಾಂಟಲ್‌ನಲ್ಲಿ ಇವೆರಡು ಹುಟ್ಟುವ ಅನುಪಾತ ಸುಮಾರು 2ರಿಂದ 4. ಕರಗಿದ ಬಸಾಲ್ಟ್‌ನಲ್ಲಿ ಹೀಲಿಯಂ ಆರ್ಗಾನ್‌ಗಿಂತ ಸುಮಾರು 10 ಪಟ್ಟು ಹೆಚ್ಚು ಕರಗುತ್ತದೆ, ಹಾಗಾಗಿ ಗುಳ್ಳೆ ಹೊರಟುಹೋದಾಗ ಆರ್ಗಾನ್ ಮೊದಲು ಖಾಲಿಯಾಗಿ ಈ ಅಂಕಿ ಏರುತ್ತದೆ. 10 ದಾಟಿದ್ದರೆ ಬಹಳಷ್ಟು ಸೋರಿದೆ ಎಂದರ್ಥ, ಅಂಥ ಮಾದರಿಯ ಅನಿಲ ಪ್ರಮಾಣವನ್ನು ಮೂಲದ ಪ್ರಮಾಣವೆಂದು ಬಗೆಯಬೇಡಿ. ಐಸೊಟೋಪ್ ಅನುಪಾತ ಇದರಿಂದ ಅಷ್ಟಾಗಿ ಬದಲಾಗದಿದ್ದರೂ ಮುಂದಿನ ಬೆರಕೆಯ ಲೆಕ್ಕ ಪೂರ್ತಿ ಬದಲಾಗುತ್ತದೆ.

ಹಂತ 8: ಪ್ಲೂಮ್ ಎಷ್ಟು ಬೆರೆತಿದೆ?

ಶ್ರೇಣಿಯ ಮ್ಯಾಂಟಲ್ 8 ಆರ್‌ಎ, ಪ್ಲೂಮ್ 30 ಆರ್‌ಎ, ಪ್ಲೂಮ್‌ನ ಪಾಲು 10 ಶೇಕಡಾ ಎಂದಿಟ್ಟುಕೊಳ್ಳಿ. ಎರಡರಲ್ಲೂ ಹೀಲಿಯಂ ಸಮನಾಗಿದ್ದರೆ ಬೆರಕೆ 10.2 ಆರ್‌ಎ. ಪ್ಲೂಮ್‌ನಲ್ಲಿ ಹೀಲಿಯಂ 5 ಪಟ್ಟು ಹೆಚ್ಚಿದ್ದರೆ 15.9. ಪ್ಲೂಮ್‌ನ ಶಿಲಾರಸ ಶ್ರೇಣಿಗೆ ತಲುಪುವ ಮೊದಲೇ ಅನಿಲ ಕಳೆದುಕೊಂಡು ಹೀಲಿಯಂ ಹತ್ತನೇ ಒಂದು ಭಾಗಕ್ಕಿಳಿದಿದ್ದರೆ 8.2 ಮಾತ್ರ. ಪಾಲು ಅದೇ 10 ಶೇಕಡಾ, ಕೊನೆಯ ಸಂದರ್ಭದಲ್ಲಿ ಮಾತ್ರ ಹೀಲಿಯಂ ಪ್ಲೂಮ್ ಇಲ್ಲವೇ ಇಲ್ಲ ಎನ್ನುತ್ತದೆ.

ಗಲಪಾಗೋಸ್ ಶ್ರೇಣಿ ಇದಕ್ಕೆ ಕಣ್ಣೆದುರಿನ ಉದಾಹರಣೆ. ಪಕ್ಕದ ಫರ್ನಾಂಡಿನಾ ದ್ವೀಪದಲ್ಲಿ ಹೀಲಿಯಂ 25 ಆರ್‌ಎ ಮೀರುತ್ತದೆ. ಶ್ರೇಣಿಯ ಲಾವಾಗಳಲ್ಲಿ ಪ್ಲೂಮ್‌ನ ರಾಸಾಯನಿಕ ಗುರುತುಗಳು ಎದ್ದು ಕಾಣುತ್ತವೆ, ಹೀಲಿಯಂ ಮಾತ್ರ ಹೆಚ್ಚುಕಡಿಮೆ 8ರ ಬಳಿಯೇ ನಿಂತಿದೆ. ರೇಕ್ಯಾನೆಸ್ ಶ್ರೇಣಿಯಲ್ಲಾದರೋ ಐಸ್‌ಲ್ಯಾಂಡ್‌ಗೆ ಸಮೀಪಿಸಿದಂತೆ ಹೀಲಿಯಂ ಏರುತ್ತ ಹೋಗುತ್ತದೆ. ಇನ್ನೊಂದು ಬಗೆಯೂ ಉಂಟು: ಸೇಂಟ್ ಹೆಲೆನಾ, ಗಾಫ್, ಟ್ರಿಸ್ಟನ್‌ನಂಥ ದ್ವೀಪಗಳಲ್ಲಿ ಹೀಲಿಯಂ ಶ್ರೇಣಿಯ ಮಟ್ಟಕ್ಕಿಂತಲೂ ಕೆಳಗಿದೆ, ಏಕೆಂದರೆ ಅವುಗಳ ಮೂಲದಲ್ಲಿ ಹಿಂದೆ ಮುಳುಗಿದ ಹಳೆಯ ತೊಗಟೆಯ ಯುರೇನಿಯಂ-ಥೋರಿಯಂ ಸೇರಿದೆ. ಅಂಥ ಪ್ಲೂಮ್ ಶ್ರೇಣಿಯನ್ನು ತಾಕಿದರೆ ಆರ್‌ಎ ಏರುವ ಬದಲು ಇಳಿಯುತ್ತದೆ.

ಆದ್ದರಿಂದ ಪ್ರತಿ ಮಾದರಿಯ ಹೀಲಿಯಂ, ನಿಯಾನ್ ಅಂಕಿಗಳ ಪಕ್ಕದಲ್ಲಿ ಅದೇ ಗಾಜಿನ ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸದ ಐಸೊಟೋಪ್‌ಗಳನ್ನೂ ಇಟ್ಟು ನೋಡಿ. ಹೀಲಿಯಂ ಹೆಚ್ಚಿ ನಿಯಾನ್-21/22 ಇಳಿದಿದ್ದರೆ ಪ್ಲೂಮ್ ಎನ್ನಲು ಅಡ್ಡಿಯಿಲ್ಲ. ನಿಯಾನ್ ಪ್ಲೂಮ್‌ನತ್ತ ವಾಲಿ ಹೀಲಿಯಂ 8ರಲ್ಲೇ ನಿಂತಿದ್ದರೆ, ಪ್ಲೂಮ್ ಇಲ್ಲವೆಂದು ಬರೆಯುವ ಬದಲು ಹಂತ 7ಕ್ಕೆ ಮರಳಿ ಹೀಲಿಯಂ ಎಲ್ಲಿ ಕಳೆದುಹೋಯಿತೆಂದು ಹುಡುಕಿ. ಹೀಲಿಯಂ 9 ಅಥವಾ 9.5 ಇದ್ದು ಉಳಿದವೆಲ್ಲ ಸಹಜವಿದ್ದರೆ ಅದನ್ನು ಆ ಭಾಗದ ಸಹಜ ಏರಿಳಿತವೆಂದೇ ಬಗೆಯಿರಿ, ದೂರದ ಮಾದರಿಗಳ ಹರವು ಅದಕ್ಕಿಂತ ಕಿರಿದಾಗಿದೆ ಎಂದು ತೋರಿಸುವವರೆಗೆ.

ಉಳಿದ ಗಾಜನ್ನು ಪುಡಿಮಾಡಿ ಡಬ್ಬಿಗೆ ತುಂಬಬೇಡಿ. ದೊಡ್ಡ ತುಂಡುಗಳಾಗಿಯೇ ನೈಟ್ರೋಜನ್ ತುಂಬಿದ ಮುಚ್ಚಿದ ಚೀಲದಲ್ಲಿಡಿ, ಯಾವ ತುದಿ ಲಾವಾದ ಹೊರಮೈ ಎಂದು ಗುರುತು ಹಾಕಿ. ಎಕ್ಸ್-ರೇ ಟೊಮೊಗ್ರಫಿಯಿಂದ ಗಾಜಿನೊಳಗಿನ ಗುಳ್ಳೆಗಳನ್ನು ನೋಡಿ, ಬಿರುಕು ತಾಗದ ಒಂದೇ ಒಂದು ಗುಳ್ಳೆಯನ್ನು ಲೇಸರ್‌ನಿಂದ ತೂತುಮಾಡಿ ಅಳೆಯುವ ವಿಧಾನ ಈಗ ಇದೆ. ಅದಕ್ಕೆ ಬೇಕಾಗುವುದು ಇಂಥ ಒಡೆಯದ ತುಂಡು.